ನೆಲಬೇವು ಒಣಗಿಸಲು ಕಟ್ಟಿದ ಬಿಸಿಲು ಪೆಟ್ಟಿಗೆ

ಹೋದ ವರ್ಷ ಅಕ್ಟೋಬರಿನಲ್ಲಿ 12 ಕೆಜಿ ನೆಲಬೇವನ್ನು ಗೊಬ್ಬರದ ಗುಂಡಿಗೆ ಸುರಿದೆ. ಬೀಜ ಹಾಕಿ, ಸಸಿ ಮಾಡಿ, ನೆಟ್ಟು, ಮೂರು ಸಲ ಕಳೆ ಕಿತ್ತು ಬೆಳೆಸಿದ ಗಿಡ. ಕೊಯ್ದು ಅಂಗಳದ ಚಪ್ಪರದ ಮೇಲೆ ಹರಡಿದ್ದೆ. ಮಲೆನಾಡಿನ ಸಾಗರ ತಾಲ್ಲೂಕಿನ ಕಡೆ ಅಕ್ಟೋಬರ್ ಅಂದ್ರೆ ಹೇಗಿರುತ್ತೆ ಗೊತ್ತಲ್ವಾ? ಬೆಳಿಗ್ಗೆ ಚುರುಗುಟ್ಟುವ ಬಿಸಿಲು, ಮಧ್ಯಾಹ್ನ ಮೂರಕ್ಕೆ ಗುಡುಗು. ಮಳೆ ಬಂದಾಗಲೆಲ್ಲ ಟಾರ್ಪಾಲ್ ಎಳೆದೆ, ನಿಂತಾಗ ತೆಗೆದೆ. ನಾಲ್ಕನೇ ದಿನ ಟಾರ್ಪಾಲ್ ಎತ್ತಿದರೆ ಒಳಗೆಲ್ಲ ಬೆವರು. ಕಾಂಡದ ಗಂಟುಗಂಟಿನಲ್ಲಿ ಬಿಳೀ ಬೂಷ್ಟು.

ಬೂಷ್ಟು ಹಿಡಿದ ಭಾಗ ಕಿತ್ತು ಉಳಿದದ್ದನ್ನು ಇಟ್ಟುಕೊಳ್ಳೋಣ ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೆ ಇದು ಜ್ವರ ಬಂದವರು ಕುಡಿಯುವ ಕಷಾಯದ ಗಿಡ. ಮೊದಲೇ ಸೋತ ಮೈಗೆ ಬೂಷ್ಟು ಕುದಿಸಿ ಕೊಡುವುದು ಹೇಗೆ? ಎಲ್ಲವನ್ನೂ ಸುರಿದೆ. ಈ ವರ್ಷ ಕೊಯ್ಲಿಗೆ ಮುಂಚೆ ಒಣಗಿಸುವ ವ್ಯವಸ್ಥೆ ಆಗಲೇಬೇಕು ಅಂತ ಅವತ್ತೇ ತೀರ್ಮಾನ ಮಾಡಿದ್ದೆ. ಅದನ್ನು ಕಟ್ಟಿದ್ದು, ಕೆಡಿಸಿಕೊಂಡಿದ್ದು, ಸರಿಮಾಡಿದ್ದು ಇಲ್ಲಿದೆ.

ಮೊದಲು ಗಿಡದ ಬಗ್ಗೆ. ನೆಲಬೇವು ಮೊಣಕಾಲು ಎತ್ತರದಿಂದ ಸೊಂಟದ ಎತ್ತರದವರೆಗೆ ಬೆಳೆಯುವ, ಒಂದೇ ವರ್ಷ ಬಾಳುವ ಗಿಡ. ಕಾಂಡವನ್ನು ಬೆರಳಲ್ಲಿ ತಿರುಗಿಸಿದರೆ ನಾಲ್ಕು ಮೂಲೆ ಸಿಗುತ್ತವೆ. ಎಲೆ ಉದ್ದ, ತುದಿ ಚೂಪು, ಒಂದಕ್ಕೊಂದು ಎದುರು ಜೋಡಿ. ಹೂವು ಚಿಕ್ಕದು, ಬಿಳಿ, ಒಳಗೆ ನೇರಳೆ ಗುರುತು. ಒಂದು ಎಲೆ ಅಗಿದರೆ ಸಾಕು, ಊಟದ ಹೊತ್ತಿನವರೆಗೂ ಗಂಟಲಲ್ಲಿ ಕಹಿ ಕೂತಿರುತ್ತೆ. ಬೇವಿಗೂ ಇದಕ್ಕೂ ಸಂಬಂಧ ಇಲ್ಲ, ಕಹಿ ನೋಡಿ ಇಟ್ಟ ಹೆಸರು. ತಮಿಳರು ನಿಲವೇಂಬು ಅನ್ನುತ್ತಾರೆ. ಅಲ್ಲಿ ಡೆಂಗಿ ಜ್ವರ ಹೆಚ್ಚಾದಾಗ ಸರ್ಕಾರವೇ ಜನರಿಗೆ ಹಂಚಿದ ನಿಲವೇಂಬು ಕುಡಿನೀರಿನಲ್ಲಿ ಒಂಬತ್ತು ಸಾಮಾನು ಸೇರುತ್ತವೆ. ಅದರಲ್ಲಿ ಮೊದಲನೆಯದು ಇದೇ ಗಿಡ.

ಗ್ರಂಧಿಗೆ ಅಂಗಡಿಯಲ್ಲಿ ಕಿರಾತಕಡ್ಡಿ ಅಂತ ಕೇಳಿದರೆ ಎಷ್ಟೋ ಸಲ ಇದನ್ನೇ ಕಟ್ಟಿಕೊಡುತ್ತಾರೆ. ನಿಜವಾದ ಕಿರಾತಕಡ್ಡಿ ಹಿಮಾಲಯದ ಎತ್ತರದಲ್ಲಿ ಬೆಳೆಯುವ ಬೇರೆಯೇ ಗಿಡ, ಬೇರೆಯೇ ಕುಟುಂಬ. ಅದರ ಕಾಂಡ ಬುಡದಲ್ಲಿ ದುಂಡಗೆ, ಕಂದು ನೇರಳೆ ಬಣ್ಣ. ಮುರಿದರೆ ನಡುವೆ ಹಳದಿ ತಿರುಳು ಅಗಲವಾಗಿ ಕಾಣುತ್ತದೆ. ನೆಲಬೇವಿನ ಕಡ್ಡಿ ಒಣಗಿದ ಮೇಲೂ ಹಸಿರು, ಮೂಲೆ ಮೂಲೆ. ಎರಡೂ ಕಹಿ, ಎರಡನ್ನೂ ಜ್ವರಕ್ಕೆ ಬಳಸುತ್ತಾರೆ. ಆದರೂ ಯಾವುದನ್ನು ಕೊಳ್ಳುತ್ತಿದ್ದೇವೆ ಅಂತ ಗೊತ್ತಿರಬೇಕು. ನಾನು ಮನೆಯಲ್ಲೇ ಬೆಳೆಯಲು ಶುರು ಮಾಡಿದ್ದಕ್ಕೆ ಅದೂ ಒಂದು ಕಾರಣ.

ಜಾಗ ಅರ್ಧ ಗುಂಟೆ, ತೋಟದ ಅಂಚಿನಲ್ಲಿ, ಬೆಳಗಿನ ಬಿಸಿಲು ಚೆನ್ನಾಗಿ ಬೀಳುವ ಕಡೆ. ಮೇ ತಿಂಗಳಲ್ಲಿ ಬೀಜವನ್ನು ಮರಳಿಗೆ ಬೆರೆಸಿ ಮಡಿಗೆ ಚೆಲ್ಲಿದೆ. ಬೀಜ ತುಂಬಾ ಸಣ್ಣದು, ಹಾಗೇ ಚೆಲ್ಲಿದರೆ ಒಂದೇ ಕಡೆ ಬೀಳುತ್ತೆ. ಜೂನ್ ಕೊನೆಗೆ ಸಾಲಿನಿಂದ ಸಾಲಿಗೆ ಒಂದಡಿ, ಗಿಡದಿಂದ ಗಿಡಕ್ಕೆ ಎಂಟಿಂಚು ಬಿಟ್ಟು ನೆಟ್ಟೆ. ಎಂಟುನೂರರ ಹತ್ತಿರ ಗಿಡ ಆಯಿತು. ಸುಮಾರು 65 ಕೆಜಿ ಹಸಿ ಸೊಪ್ಪು ಸಿಗಬಹುದು ಅಂತ ಅಂದಾಜು ಮಾಡಿ ಪೆಟ್ಟಿಗೆಯ ಅಳತೆ ಹಾಕಿದೆ.

ಯಾಕೆ ಸುಮ್ನೆ ಬಿಸಿಲಿಗೆ ಹಾಕಬಾರದು ಅಂತ ನೀವು ಕೇಳಬಹುದು. ಈ ಗಿಡದ ಕಹಿಗೆ ಮುಖ್ಯ ಕಾರಣ ಆಂಡ್ರೋಗ್ರಾಫೋಲೈಡ್ ಅನ್ನುವ ವಸ್ತು. ಅದು ಎಲೆಯಲ್ಲಿ ಜಾಸ್ತಿ, ಕಡ್ಡಿಯಲ್ಲಿ ಕಡಿಮೆ. ನೇರ ಬಿಸಿಲಿಗೆ ಎಲೆ ಕಂದುತ್ತದೆ, ಉದುರುತ್ತದೆ. ಎಲೆ ಉದುರಿ ಹೋದರೆ ಉಳಿಯುವುದು ಕಡ್ಡಿ ಮಾತ್ರ. ಅದಕ್ಕೇ ನೆರಳಲ್ಲಿ ಒಣಗಿಸಿ ಅನ್ನುವುದು. ಆದರೆ ಮಲೆನಾಡಿನ ಅಕ್ಟೋಬರ್ ನೆರಳಲ್ಲಿ ಬಟ್ಟೆಯೇ ಒಣಗುವುದಿಲ್ಲ. ಹಾಗಾಗಿ ಬಿಸಿಲು ಒಂದು ಕಡೆ, ಸೊಪ್ಪು ಇನ್ನೊಂದು ಕಡೆ ಇರಬೇಕು. ಬಿಸಿಲು ಗಾಳಿಯನ್ನು ಕಾಯಿಸಬೇಕು, ಕಾದ ಗಾಳಿ ಕತ್ತಲೆಯಲ್ಲಿರುವ ಸೊಪ್ಪಿನ ಮೂಲಕ ಹಾಯಬೇಕು.

ಇದರ ಲೆಕ್ಕ ನನಗೆ ತುಂಬಾ ಇಷ್ಟವಾಯಿತು. 25 ಡಿಗ್ರಿ ಬಿಸಿ, ಶೇಕಡಾ 80 ತೇವ ಇರುವ ಗಾಳಿ ತಗೊಳ್ಳಿ. ಅದರಿಂದ ಒಂದು ಹನಿ ನೀರನ್ನೂ ತೆಗೆಯಬೇಡಿ, 40 ಡಿಗ್ರಿಗೆ ಕಾಯಿಸಿ ಅಷ್ಟೇ. ಅದೇ ಗಾಳಿಯ ತೇವ ಶೇಕಡಾ 34ರ ಹತ್ತಿರಕ್ಕೆ ಇಳಿಯುತ್ತದೆ. ಗಾಳಿಗೆ ಬಾಯಾರಿಕೆ ಹುಟ್ಟಿದ ಹಾಗೆ. ಹದಿನೈದು ಡಿಗ್ರಿ ಏರಿಸಿದರೆ ಸಾಕು, ಬೆಂಕಿಯ ಅಗತ್ಯವೇ ಇಲ್ಲ.

ಸೆಪ್ಟೆಂಬರ್ ಮೊದಲ ವಾರ ಕೆಲಸ ಶುರು. ಊರಿನ ಆಚಾರ್ರು ಎರಡು ದಿನ ಜೊತೆಗಿದ್ದರು. ಪೆಟ್ಟಿಗೆಯಲ್ಲಿ ಎರಡು ಭಾಗ. ಒಂದು ಇಳಿಜಾರಾಗಿ ಮಲಗಿರುವ ಗಾಳಿ ಕಾಯಿಸುವ ಹಲಗೆಪೆಟ್ಟಿಗೆ, 6 ಅಡಿ ಉದ್ದ, 3 ಅಡಿ ಅಗಲ. ಇನ್ನೊಂದು ಅದರ ಮೇಲ್ತುದಿಗೆ ಅಂಟಿಕೊಂಡು ನಿಂತಿರುವ ಕಪಾಟು, 3 ಅಡಿ ಅಗಲ, 2 ಅಡಿ ಆಳ, 4 ಅಡಿ ಎತ್ತರ.

ಕಾಯಿಸುವ ಭಾಗಕ್ಕೆ ತಳದಲ್ಲಿ ಎರಡು ಪದರ ಪ್ಲೈವುಡ್, ನಡುವೆ ಎರಡಿಂಚು ಭತ್ತದ ಹೊಟ್ಟು ತುಂಬಿದೆವು. ಹೊಟ್ಟು ಬಿಸಿಯನ್ನು ಹಿಡಿದಿಡುತ್ತದೆ, ಮಿಲ್ಲಿನಲ್ಲಿ ಚೀಲಗಟ್ಟಲೆ ಸಿಗುತ್ತದೆ. ಅದರ ಮೇಲೆ ಮೂರಿಂಚು ಜಾಗ ಬಿಟ್ಟು, ಅಲೆಅಲೆಯಾದ ಜಿಂಕ್ ಶೀಟಿಗೆ ಕಪ್ಪು ಬಣ್ಣ ಬಳಿದು ಕೂರಿಸಿದೆವು. ಗಾಳಿ ಹರಿಯುವುದು ಶೀಟಿನ ಕೆಳಗೆ, ಆ ಮೂರಿಂಚಿನಲ್ಲಿ. ಶೀಟಿನ ಮೇಲೆ ಎರಡಿಂಚು ಬಿಟ್ಟು ಗಾಜು. ಹಳೇ ಮನೆ ಬಿಚ್ಚಿದಾಗ ಎತ್ತಿಟ್ಟಿದ್ದ ಕಿಟಕಿ ಗಾಜುಗಳನ್ನೇ ಹೊಂದಿಸಿದೆವು. ಗಾಜಿಗೂ ಶೀಟಿಗೂ ನಡುವೆ ನಿಂತ ಗಾಳಿ ಕಂಬಳಿ ಹೊದೆಸಿದ ಹಾಗೆ ಕೆಲಸ ಮಾಡುತ್ತದೆ.

ಬಣ್ಣ ಹೊಳಪಿನದು ಬೇಡ. ಶಾಲೆಯ ಕರಿಹಲಗೆಗೆ ಬಳಿಯುತ್ತಾರಲ್ಲ, ಆ ಮಂಕು ಕಪ್ಪು ತಂದೆ. ಬಳಿದ ಮೇಲೆ ನಾಲ್ಕು ದಿನ ಖಾಲಿ ಪೆಟ್ಟಿಗೆಯನ್ನೇ ಬಿಸಿಲಿಗೆ ಕಾಯಿಸಿ. ಮೊದಲ ದಿನ ಕಪಾಟಿನ ಬಾಗಿಲು ತೆರೆದರೆ ಬಣ್ಣದ ಘಾಟು ಮುಖಕ್ಕೆ ಬಡಿಯುತ್ತಿತ್ತು. ಸೊಪ್ಪು ಯಾವ ವಾಸನೆಯನ್ನಾದರೂ ಹೀರುತ್ತದೆ. ಘಾಟು ಪೂರಾ ಹೋಗುವವರೆಗೆ ಒಳಗೆ ಒಂದು ಎಲೆಯನ್ನೂ ಇಡಬೇಡಿ.

ಮುಖ ದಕ್ಷಿಣಕ್ಕೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಅದಕ್ಕೆ 25 ಡಿಗ್ರಿ ಇಳಿಜಾರು ಕೊಟ್ಟೆ. ಕೋನ ಅಳೆಯುವ ತಾಪತ್ರಯ ಬೇಡ: ಆರಡಿ ಉದ್ದದ ಪೆಟ್ಟಿಗೆಯ ಮೇಲ್ತುದಿ ಕೆಳತುದಿಗಿಂತ ಎರಡೂವರೆ ಅಡಿ ಎತ್ತರ ಇದ್ದರೆ ಆಯಿತು.

ಕಪಾಟಿನ ಒಳಗೆ ನಾಲ್ಕು ತಟ್ಟಿ, ಒಂದರ ಮೇಲೊಂದು, ಎಂಟಿಂಚು ಅಂತರ. ಚೌಕಟ್ಟಿಗೆ ಅಡಿಕೆ ದಬ್ಬೆ, ಅಂದರೆ ಉದ್ದಕ್ಕೆ ಸೀಳಿದ ಅಡಿಕೆ ಮರ, ಬಳಸಿದೆ. ನಮ್ಮಲ್ಲಿ ಅಡಿಕೆ ಒಣಗಿಸುವುದೇ ದಬ್ಬೆಯ ತಟ್ಟಿಯ ಮೇಲೆ, ಅದಕ್ಕಿಂತ ಗಟ್ಟಿ ಹಗುರ ವಸ್ತು ಇಲ್ಲ. ದಬ್ಬೆಗಳ ನಡುವೆ ಎರಡು ಬೆರಳು ಸಂದು ಬಿಟ್ಟು, ಮೇಲೆ ಸೊಳ್ಳೆ ಜಾಲರಿ ಬಿಗಿದೆ. ಕಪಾಟಿನ ಸೂರಿನಲ್ಲಿ ನಾಲ್ಕಿಂಚಿನ ತಗಡಿನ ಕೊಳವೆ, ಎರಡಡಿ ಎತ್ತರ, ಮಳೆ ಬೀಳದ ಹಾಗೆ ಮೇಲೊಂದು ಟೋಪಿ. ಕೆಳಗೆ ಗಾಳಿ ಒಳಬರುವ ಬಾಯಿಗೂ ಜಾಲರಿ ಹೊಡೆದಾಯಿತು, ಇಲ್ಲದಿದ್ದರೆ ಹಲ್ಲಿ ಸಂಸಾರ ಹೂಡುತ್ತದೆ.

ಅಕ್ಟೋಬರ್ 17. ಅರ್ಧದಷ್ಟು ಗಿಡ ಹೂವಿಗೆ ಬಂದಿತ್ತು. ಕೊಯ್ಲಿಗೆ ಇದೇ ಸರಿಯಾದ ಹೊತ್ತು. ಕಾಯಿ ಬಲಿಯಲು ಬಿಟ್ಟರೆ ಎಲೆ ಉದುರುತ್ತದೆ, ಕಸುವೂ ಇಳಿಯುತ್ತದೆ. ಇಬ್ಬನಿ ಆರಿದ ಮೇಲೆ ಹತ್ತು ಗಂಟೆಗೆ ಕುಡುಗೋಲು ಹಿಡಿದೆ. ನೆಲದಿಂದ ಒಂದು ಗೇಣು ಮೇಲಕ್ಕೆ ಕೊಯ್ದರೆ ಬುಡ ಮತ್ತೆ ಚಿಗುರುತ್ತದೆ. ತೊಳೆದು, ನೆರಳಲ್ಲಿ ನೀರು ಸೋರಿಸಿ, ಬೆರಳುದ್ದ ಕತ್ತರಿಸಿ, ತಟ್ಟಿಗೆ 2 ಕೆಜಿಯಂತೆ ಒಟ್ಟು 8 ಕೆಜಿ ಹರಡಿದೆ.

ಎರಡು ದಿನ ಒಳ್ಳೆಯ ಬಿಸಿಲು. ಮೂರನೇ ದಿನ ಬೆಳಿಗ್ಗೆ ಬಾಗಿಲು ತೆರೆದಾಗ ಎದೆ ಧಸಕ್ ಅಂತು. ಕೆಳಗಿನ ತಟ್ಟಿಯ ಎಲೆ ಕಂದಾಗಿತ್ತು, ಮುಟ್ಟಿದರೆ ಪುಡಿ. ಮೇಲಿನ ತಟ್ಟಿಯದು ಮೆತ್ತಗೆ, ಬೇಯಿಸಿದ ಹರಿವೆ ಸೊಪ್ಪಿನ ಹಾಗೆ. ಕಪಾಟಿನ ಸೂರಿನ ಒಳಮೈಯಲ್ಲಿ ಸಾಲಾಗಿ ನೀರಿನ ಹನಿ. ತೂಗಿದೆ: ಕೆಳಗಿನದು 510 ಗ್ರಾಂ, ಮೇಲಿನದು 1 ಕೆಜಿ 350 ಗ್ರಾಂ. ಹದವಾಗಿ ಒಣಗಿದ್ದರೆ ಎರಡೂ 550ರ ಹತ್ತಿರ ಇರಬೇಕಿತ್ತು. ಮಧ್ಯಾಹ್ನ ಕೆಳಗಿನ ತಟ್ಟಿಯ ಹತ್ತಿರ ಥರ್ಮಾಮೀಟರ್ ಇಟ್ಟೆ. 62 ಡಿಗ್ರಿ. ಐವತ್ತು ದಾಟಬಾರದು ಅಂತ ನಾನೇ ಹಾಕಿಕೊಂಡಿದ್ದ ಗೆರೆ.

ಅಜ್ಜಿಗೆ ಮೇಲಿನದರಿಂದ ಒಂದು ಹಿಡಿ, ಕೆಳಗಿನದರಿಂದ ಒಂದು ಹಿಡಿ ತಂದು ತೋರಿಸಿದೆ. ಅಜ್ಜಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಮೂಸಿದರು, ಕಡ್ಡಿ ಬಗ್ಗಿಸಿ ನೋಡಿದರು. "ಇದು ಒಣಗಿದ್ದಲ್ಲ ಮಗಾ, ಬೆಂದಿದ್ದು" ಅಂದರು. ಎರಡೂ ಹಿಡಿಗೆ ಅದೇ ಮಾತು.

ನನಗೆ ತಲೆಯಲ್ಲಿ ಎರಡು ತೊಂದರೆ ಇದ್ದವು: ಕೆಳಗೆ ಬಿಸಿ ಜಾಸ್ತಿ, ಮೇಲೆ ಬಿಸಿ ಸಾಲದು. ಕೆಳಗಿನ ಬಿಸಿ ಇಳಿಸಲು ಗಾಜಿನ ಅರ್ಧಕ್ಕೆ ಗೋಣಿ ಹೊದೆಸಿದೆ. ಕೆಳಗೆ 50ಕ್ಕೆ ಇಳಿಯಿತು, ಮೇಲೆ ಇನ್ನೂ ಒದ್ದೆಯಾಯಿತು. ಸಂಜೆ ಆಚಾರ್ರು ಬಂದರು. ಕೊಳವೆಯ ಬಾಯಿಗೆ ಒಂದು ಊದುಬತ್ತಿ ಹಿಡಿದರು. ಹೊಗೆ ಮೇಲಕ್ಕೆ ಎಳೆಯಬೇಕಿತ್ತು. ಸುಮ್ನೆ ಅಲ್ಲೇ ಸುತ್ತುತ್ತಿತ್ತು. "ತಮ್ಮಾ, ಹೊಗೆ ಹೋಗದ ಒಲೆ ಉರಿಯುತ್ತಾ?" ಅಂದರು.

ಆಗ ಅರ್ಥವಾಯಿತು. ಇದ್ದದ್ದು ಎರಡು ತೊಂದರೆಯಲ್ಲ, ಒಂದೇ. ಗಾಳಿ ಹರಿಯುತ್ತಿರಲಿಲ್ಲ. ನಿಂತ ಗಾಳಿ ಶೀಟಿನ ಕೆಳಗೆ ಕಾದು ಕಾದು 62ಕ್ಕೆ ಏರುತ್ತಿತ್ತು. ಅದು ನಿಧಾನವಾಗಿ ಕೆಳಗಿನ ತಟ್ಟಿಯನ್ನು ಸುಟ್ಟು, ಅಲ್ಲಿನ ನೀರನ್ನು ಹೊತ್ತು ಮೇಲೆ ಹೋಗಿ, ತಣ್ಣಗಾಗಿ, ಹೊರಗೆ ಹೋಗಲು ದಾರಿ ಸಾಲದೆ ಮೇಲಿನ ಸೊಪ್ಪಿನ ಮೇಲೇ ಹನಿಯುತ್ತಿತ್ತು. ಕೆಳಗಿನ ನೀರನ್ನು ಮೇಲಕ್ಕೆ ಸಾಗಿಸುವ ಕೆಲಸ ಮಾತ್ರ ಆಗುತ್ತಿತ್ತು. ಒಣಗಿಸುವುದು ಅಂದರೆ ಬಿಸಿಯ ಕೆಲಸ ಅಂತ ನಾನು ನಂಬಿದ್ದೆ. ಅದು ಗಾಳಿಯ ಕೆಲಸ. ಬಿಸಿ ಬರೀ ಆ ಗಾಳಿಯ ಬಾಯಾರಿಕೆ ಹೆಚ್ಚಿಸುತ್ತದೆ.

ರಿಪೇರಿಗೆ ಎರಡು ದಿನ ಹಿಡಿಯಿತು. ಎರಡಡಿ ಕೊಳವೆ ತೆಗೆದು ಐದಡಿಯದು ಹಾಕಿದೆ, ನಾಲ್ಕಿಂಚಿನ ಬದಲು ಆರಿಂಚು, ಹೊರಮೈಗೆ ಕಪ್ಪು ಬಣ್ಣ. ಕೊಳವೆ ತಾನೂ ಬಿಸಿಲಿಗೆ ಕಾದರೆ ಒಳಗಿನ ಗಾಳಿಯನ್ನು ಮೇಲಕ್ಕೆ ಎಳೆಯುತ್ತದೆ. ಟೋಪಿ ಕೊಳವೆಗೆ ತೀರಾ ಹತ್ತಿರ ಕೂತಿತ್ತು, ಅದನ್ನು ಆರಿಂಚು ಎತ್ತಿದೆ. ಆಮೇಲೆ ಕೆಳಗಿನ ಬಾಯಿಗೆ ಕಂಪ್ಯೂಟರಿನ ಹಳೇ ಫ್ಯಾನ್ ಒಂದನ್ನು ಕೂರಿಸಿದೆ. 12 ವೋಲ್ಟಿನದು, ಎರಡು ವಾಟ್ ಸಾಕು ಅದಕ್ಕೆ. 10 ವಾಟಿನ ಪುಟ್ಟ ಸೋಲಾರ್ ಪ್ಯಾನೆಲ್‌ಗೆ ನೇರವಾಗಿ ತಂತಿ ಕೊಟ್ಟೆ. ನಡುವೆ ಬ್ಯಾಟರಿ ಇಲ್ಲ. ಬಿಸಿಲು ಜೋರಿದ್ದಾಗ ಫ್ಯಾನ್ ಜೋರು, ಮೋಡ ಬಂದರೆ ನಿಧಾನ, ಸಂಜೆಗೆ ತಾನಾಗಿ ನಿಲ್ಲುತ್ತದೆ. ಬಿಸಿ ಎಷ್ಟಿದೆಯೋ ಅಷ್ಟೇ ಗಾಳಿ. ಬೇರೆ ಸ್ವಿಚ್ಚೇ ಬೇಡ.

ಫ್ಯಾನ್ ಮೇಲೆ ಹಾಕಬೇಕೋ ಕೆಳಗೋ ಅಂತ ಯೋಚನೆ ಇತ್ತು. ಮೇಲೆ ಹಾಕಿದರೆ ತೇವದ ಗಾಳಿ, ಎಲೆಪುಡಿ ಎಲ್ಲ ಅದರ ಮೂಲಕವೇ ಹೋಗಬೇಕು, ಬೇಗ ಹಾಳಾಗುತ್ತದೆ. ಕೆಳಗೆ ತಣ್ಣನೆಯ ಶುದ್ಧ ಗಾಳಿ. ಆದರೆ ಕೆಳಗಿನಿಂದ ತಳ್ಳಿದರೆ ಪೆಟ್ಟಿಗೆಯ ಸಂದುಗೊಂದಿನಲ್ಲಿ ಬಿಸಿ ಗಾಳಿ ಸೋರುತ್ತದೆ. ಗಾಜಿನ ಅಂಚಿಗೆಲ್ಲ ಸಿಲಿಕಾನ್ ಹಾಕಿ, ಬಾಗಿಲ ಚೌಕಟ್ಟಿಗೆ ಸೈಕಲ್ ಟ್ಯೂಬ್ ಸೀಳಿ ಅಂಟಿಸಿದೆ.

ಅಕ್ಟೋಬರ್ 24ಕ್ಕೆ ಎರಡನೇ ಹೊರೆ, ಅದೇ 8 ಕೆಜಿ. ಮಧ್ಯಾಹ್ನ ಒಂದು ಗಂಟೆಗೆ ಕೆಳಗಿನ ತಟ್ಟಿ 45 ಡಿಗ್ರಿ, ಮೇಲಿನದು 39. ಊದುಬತ್ತಿ ಹಿಡಿದರೆ ಹೊಗೆ ಸರ್ರನೆ ಮೇಲಕ್ಕೆ. ಎರಡು ದಿನ ಕಳೆದಾಗ ಕೆಳಗಿನದು 580 ಗ್ರಾಂ, ಮೇಲಿನದು 640. ಮೂರನೇ ದಿನ ಮಧ್ಯಾಹ್ನಕ್ಕೆ ನಾಲ್ಕೂ 550ಕ್ಕೆ ಬಂದು ನಿಂತವು. ಎಲೆ ಹಸಿರಾಗೇ ಇತ್ತು, ಸ್ವಲ್ಪ ಗಾಢ ಹಸಿರು. ಸೂರಿನಲ್ಲಿ ಒಂದು ಹನಿ ಇಲ್ಲ.

ಇನ್ನೊಂದು ವಿಷಯ ಮೂರನೇ ಹೊರೆಯಲ್ಲಿ ಗೊತ್ತಾಯಿತು. ಸಂಜೆ ತೂಗಿದ್ದಕ್ಕಿಂತ ಬೆಳಿಗ್ಗೆ ತೂಕ ಜಾಸ್ತಿ ಇತ್ತು, ತಟ್ಟಿಗೆ 40 ಗ್ರಾಂ. ರಾತ್ರಿ ಇಬ್ಬನಿ ಗಾಳಿ ಒಳಗೆ ಬಂದು, ಅರ್ಧ ಒಣಗಿದ ಸೊಪ್ಪು ಅದನ್ನು ಹೀರುತ್ತಿತ್ತು. ಈಗ ಸಂಜೆ ಐದಕ್ಕೆ ಕೆಳಗಿನ ಬಾಯಿಗೆ ಹಲಗೆ, ಕೊಳವೆಗೆ ಡಬ್ಬಿ ಮುಚ್ಚುತ್ತೇನೆ. ಬೆಳಿಗ್ಗೆ ಒಂಬತ್ತಕ್ಕೆ ತೆಗೆಯುತ್ತೇನೆ. ಮರೆತ ದಿನ ಅರ್ಧ ದಿನದ ಬಿಸಿಲು ದಂಡ.

ಒಣಗಿದೆಯೋ ಇಲ್ಲವೋ ಅಂತ ಎಲೆ ನೋಡಿ ಹೇಳಬೇಡಿ. ಎಲೆ ಮೊದಲು ಒಣಗುತ್ತದೆ, ಕಡ್ಡಿ ಕೊನೆಗೆ. ಇರುವುದರಲ್ಲೇ ದಪ್ಪ ಕಡ್ಡಿ ಆರಿಸಿ ಕಿವಿಯ ಹತ್ತಿರ ಹಿಡಿದು ಮುರಿಯಿರಿ. ಪಟ್ ಅಂತ ಸದ್ದು ಬರಬೇಕು. ಬಗ್ಗಿ ನಾರು ಎಳೆದರೆ ಇನ್ನೊಂದು ದಿನ ಬೇಕು. ಬೂಷ್ಟು ಶುರುವಾಗುವುದೇ ಅಂಥ ಕಡ್ಡಿಯ ಗಂಟಿನಿಂದ. ಬಿಸಿಯಾಗಿದ್ದಾಗಲೇ ಡಬ್ಬಿಗೆ ತುಂಬಿದರೂ ಒಳಗೆ ಬೆವರುತ್ತದೆ. ಒಂದು ಗಂಟೆ ಆರಿಸಿ, ಕೂಡಲೇ ಸ್ಟೀಲ್ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಿ, ಕೊಯ್ದ ತಾರೀಕು ಬರೆದು ಅಂಟಿಸಿ. ತಟ್ಟಿಯ ಕೆಳಗೆ ತೆಳ್ಳನೆ ಬಟ್ಟೆ ಹಾಸಿರಿ, ಉದುರಿದ ಎಲೆ ಅಲ್ಲಿ ಸಿಗುತ್ತದೆ. ಅದೇ ಅಲ್ವಾ ಬೆಲೆಯುಳ್ಳದ್ದು? ಡಬ್ಬಿ ತುಂಬುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಕಣ್ಣಿಗೆ ಕಾಣದ ಪುಡಿ ಏಳುತ್ತದೆ. ಆಮೇಲೆ ಕೈ ತೊಳೆದರೂ ಅವತ್ತಿನ ಅನ್ನ, ಸಾರು, ಮಜ್ಜಿಗೆ ಎಲ್ಲ ಕಹಿ.

ಖರ್ಚು ಐದು ಸಾವಿರದ ಇನ್ನೂರು ರೂಪಾಯಿ ಬಂತು, ಆಚಾರ್ರ ಕೂಲಿ ಬಿಟ್ಟು. ಗಾಜು, ದಬ್ಬೆ, ಫ್ಯಾನ್ ಮನೆಯಲ್ಲೇ ಇದ್ದವು. ಮೊದಲ ಹೊರೆಯನ್ನು ಪೂರಾ ಗೊಬ್ಬರಕ್ಕೆ ಹಾಕಿದೆ. ಉಳಿದ ಏಳು ಹೊರೆಯಿಂದ 15 ಕೆಜಿಗೆ ಸ್ವಲ್ಪ ಹೆಚ್ಚೇ ಒಣ ನೆಲಬೇವು ಸಿಕ್ಕಿದೆ.

ಇಷ್ಟು ಆಸೆಯಿಂದ ಬೆಳೆದವನು ಒಂದು ಮಾತು ಹೇಳಲೇಬೇಕು. ಬಸುರಿಯರಿಗೆ ಇದು ಬೇಡ. ಸಕ್ಕರೆ ಕಾಯಿಲೆಗೆ, ಬಿಪಿಗೆ, ರಕ್ತ ತೆಳುವಾಗಿಸಲು ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಕುಡಿಯಬಾರದು. ಎಷ್ಟು, ಎಷ್ಟು ದಿನ ಅನ್ನುವುದನ್ನು ಓದಿದ ವೈದ್ಯರೇ ಹೇಳಬೇಕು. ನಮ್ಮ ಮಲೆನಾಡಿನವರಿಗೆ ಇನ್ನೂ ಮುಖ್ಯವಾದ ಮಾತಿದೆ. ಮಂಗನ ಕಾಯಿಲೆ ಮೊದಲು ಕಂಡದ್ದು 1957ರಲ್ಲಿ, ಇಲ್ಲೇ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ಎಷ್ಟು ಮನೆಗಳನ್ನು ಕಾಡಿತು ಅಂತ ನಾವೆಲ್ಲ ನೋಡಿದ್ದೇವೆ. ನೆಲಬೇವು ಡಬ್ಬಿಗೆ ಸೇರುವ ಹೊತ್ತಿಗೇ ಆ ಜ್ವರದ ಕಾಲ ಶುರುವಾಗುತ್ತದೆ. ಕಾಡಿಗೆ, ಸೊಪ್ಪಿಗೆ, ದರಗಿಗೆ (ಉದುರಿದ ಒಣ ಎಲೆಗೆ) ಹೋಗಿ ಬಂದವರಿಗೆ ಜ್ವರ ಬಂದರೆ ಕಷಾಯ ಕುಡಿದು ಕಾಯಬೇಡಿ. ಮೊದಲು ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ನಮ್ಮ ಮನೆಯಲ್ಲಿ ಡಬ್ಬಿಯ ಮುಚ್ಚಳದ ಮೇಲೇ ಇದನ್ನು ಬರೆದು ಅಂಟಿಸಿದ್ದೇನೆ.

ಬೀಜಕ್ಕೆ ಅಂತ ಮೂವತ್ತು ಗಿಡ ಕೊಯ್ಯದೆ ಬಿಟ್ಟಿದ್ದೆ. ಕಾಯಿ ಈಗ ಕಂದುತ್ತಿದೆ. ಪೂರಾ ಒಣಗಿದರೆ ಕಾಯಿ ಸಿಡಿದು ಬೀಜ ದೂರ ಎಸೆಯುತ್ತದೆ, ಒಂದೂ ಕೈಗೆ ಸಿಗುವುದಿಲ್ಲ. ಅದಕ್ಕೆ ದಿನಾ ಬೆಳಿಗ್ಗೆ ಇಬ್ಬನಿ ಇರುವಾಗಲೇ ಹೋಗಿ, ಕಂದಿದ ಗೊಂಚಲು ಮಾತ್ರ ಕತ್ತರಿಸಿ ಬಟ್ಟೆ ಚೀಲಕ್ಕೆ ಹಾಕುತ್ತಿದ್ದೇನೆ. ಚೀಲವನ್ನು ಅಡುಗೆಮನೆಯ ಗೋಡೆಗೆ ನೇತು ಹಾಕಿದೆ. ಮಧ್ಯಾಹ್ನ ಬಿಸಿಲೇರಿದಾಗ ಒಳಗಿಂದ ಟಿಕ್, ಟಿಕ್ ಅಂತ ಕಾಯಿ ಸಿಡಿಯುವ ಸದ್ದು ಕೇಳುತ್ತಿರುತ್ತದೆ.